ಕೊಲಿಸ್ಟಿನ್ ತೆಗೆದುಕೊಳ್ಳದವರಲ್ಲೂ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ?

ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಎಂದೂ ತೆಗೆದುಕೊಳ್ಳದವರ ಕರುಳಿನ ಇ. ಕೊಲೈ ಬ್ಯಾಕ್ಟೀರಿಯಾಕ್ಕೂ ಆ ಔಷಧ ನಾಟದೇ ಇರಬಹುದೇ ಅಂತ ಕೇಳಿದ್ದೀರಿ. ಇರಬಹುದು. ಕೊಲಿಸ್ಟಿನ್‌ಗೆ ಧನಾವೇಶ, ಬ್ಯಾಕ್ಟೀರಿಯಾದ ಹೊರಪೊರೆಗೆ ಋಣಾವೇಶ. ಆ ಸೆಳೆತದಿಂದಲೇ ಅದು ಪೊರೆಗೆ ಅಂಟಿ, ಒಡೆಯುತ್ತದೆ. ಎಂಸಿಆರ್-1 ಜೀನ್ ಇದ್ದರೆ ಪೊರೆಯ ಋಣಾವೇಶ ಕಡಿಮೆಯಾಗುತ್ತದೆ, ಔಷಧ ಸರಿಯಾಗಿ ಅಂಟುವುದಿಲ್ಲ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಇನ್ನೊಂದು ವಿಷಯ. ಈ ಜೀನ್ ಇರುವುದು ಪ್ಲಾಸ್ಮಿಡ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಸಣ್ಣ ಡಿಎನ್‌ಎ ತುಣುಕಿನಲ್ಲಿ. ಒಂದು ಬ್ಯಾಕ್ಟೀರಿಯಾ ಅದರ ನಕಲನ್ನು ಪಕ್ಕದ್ದಕ್ಕೆ, ಬೇರೆ ಜಾತಿಯದಕ್ಕೂ ದಾಟಿಸಬಲ್ಲದು. 2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಇದು ಪತ್ತೆಯಾಯಿತು. ಪ್ರಾಣಿಗಳು ಬೇಗ ಬೆಳೆಯಲಿ ಅಂತ ಕಾಯಿಲೆ ಇಲ್ಲದಿದ್ದರೂ ಮೇವಿಗೆ ಕೊಲಿಸ್ಟಿನ್ ಬೆರೆಸುತ್ತಿದ್ದರು. ಆಗ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದು ಹೆಚ್ಚುತ್ತವೆ, ಮಾಂಸದ ಮೂಲಕ ಔಷಧ ತೆಗೆದುಕೊಳ್ಳದವರಿಗೂ ಬರಬಹುದು. ಭಾರತ 2019ರಲ್ಲಿ ಪಶು, ಕೋಳಿ ಸಾಕಣೆಯಲ್ಲಿ ಇದನ್ನು ನಿಷೇಧಿಸಿತು. ಮಾಂಸ ಚೆನ್ನಾಗಿ ಬೇಯಿಸಿ, ಹಸಿಯದ್ದು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.