ಹೆಸರು ಒಬ್ಬರದು, ಮೇಲ್ ಇನ್ನೊಬ್ಬರದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮೋಸದ ಮತ್ತು ಬೇಡದ ಇ-ಮೇಲ್ ಕುರಿತವು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ಬೇರೆ ಹೇಳದಿದ್ದರೆ ಮೆನು ಹೆಸರುಗಳು ಜಿಮೇಲ್‌ನವು.

ಪ್ರಶ್ನೆ: ಆದಾಯ ತೆರಿಗೆ ಇಲಾಖೆಯ ಹೆಸರಿನಲ್ಲಿ ಮೇಲ್ ಬಂತು. ರೀಫಂಡ್ ಮಂಜೂರಾಗಿದೆ, ಬ್ಯಾಂಕ್ ವಿವರ ದೃಢಪಡಿಸಿ ಎಂದಿತ್ತು. ಬಟನ್ ಒತ್ತಿ ಡೆಬಿಟ್ ಕಾರ್ಡಿನ ವಿವರ ತುಂಬಿದೆ. ಒಟಿಪಿ ಕೇಳಿದಾಗ ಅನುಮಾನ ಬಂದು ಮುಚ್ಚಿಬಿಟ್ಟೆ. ಹಣವೇನೂ ಹೋಗಿಲ್ಲ. ಇನ್ನು ಚಿಂತೆ ಇಲ್ಲ ತಾನೆ? (ನಿವೃತ್ತ ಶಿಕ್ಷಕರು, ಶಿರಸಿ)

ಉತ್ತರ: ಚಿಂತೆ ಇದೆ. ಒಟಿಪಿ ಕೊಡದೆ ಉಳಿದಿರಿ, ಆದರೆ ಕಾರ್ಡಿನ ಸಂಖ್ಯೆ, ಅವಧಿ, ಸಿವಿವಿ ಮೂರೂ ಅವರ ಕೈಯಲ್ಲಿವೆ. ವಿದೇಶದ ಎಷ್ಟೋ ಅಂಗಡಿ ಸೈಟ್‌ಗಳು ಒಟಿಪಿ ಕೇಳುವುದೇ ಇಲ್ಲ. ನಿಮ್ಮ ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಆಗಿದ್ದರೆ ಅಷ್ಟೇ ಸಾಕು. ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ಇವತ್ತೇ ಫೋನ್ ಮಾಡಿ ಬ್ಲಾಕ್ ಮಾಡಿಸಿ, ಹೊಸ ಕಾರ್ಡ್ ಕೇಳಿ. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನೂ ಅಲ್ಲಿ ತುಂಬಿದ್ದರೆ ಅದನ್ನು ಮೊದಲು ಬದಲಿಸಿ.

ಹಣ ಹೋದವರು ಮೊದಲು ಬ್ಯಾಂಕಿಗೆ ತಿಳಿಸಬೇಕು, ಬೆನ್ನಿಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಬೇಕಾದ್ದರಿಂದ ನಾಳೆ ನೋಡೋಣ ಎನ್ನುವಂತಿಲ್ಲ. ಗುಟ್ಟಿನ ವಿವರವನ್ನು ಗ್ರಾಹಕರೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹಾಗೆನ್ನುತ್ತದೆ. ಆದ್ದರಿಂದ ದೂರಿನ ಸಂಖ್ಯೆ ಮತ್ತು ಸಮಯ ಬರೆದಿಟ್ಟುಕೊಳ್ಳಿ.

ಇನ್ನು ರೀಫಂಡ್ ವಿಷಯ. ಅಸಲಿ ರೀಫಂಡ್ ಬರುವುದು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿಟ್ಟ ಖಾತೆಗೆ. ಇಲಾಖೆ ಮೇಲ್ ಮೂಲಕ ಕಾರ್ಡ್ ಸಂಖ್ಯೆ, ಪಿನ್, ಪಾಸ್‌ವರ್ಡ್ ಕೇಳುವುದಿಲ್ಲ. ಅನುಮಾನವಿದ್ದರೆ ಮೇಲ್‌ನ ಬಟನ್ ಬಿಟ್ಟು ಪೋರ್ಟಲ್ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ. ಇ-ಫೈಲ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ವ್ಯೂ ಫೈಲ್ಡ್ ರಿಟರ್ನ್ಸ್ ಎಂದು ಒತ್ತುತ್ತಾ ಹೋದರೆ ರೀಫಂಡ್ ಎಲ್ಲಿಗೆ ಬಂದಿದೆ ಎಂದು ಕಾಣುತ್ತದೆ.

ವೆಬ್ ವಿಳಾಸ ಓದುವುದನ್ನು ಒಮ್ಮೆ ಕಲಿತರೆ ಇಂಥ ಮೋಸದ ಬಹುಪಾಲು ಅಲ್ಲೇ ಬಯಲಾಗುತ್ತದೆ. ಮೊಬೈಲ್‌ನಲ್ಲಿ ಲಿಂಕ್ ಮೇಲೆ ಬೆರಳು ಒತ್ತಿ ಹಿಡಿದರೆ, ಕಂಪ್ಯೂಟರಿನಲ್ಲಿ ಮೌಸ್ ಇಟ್ಟರೆ, ಅದು ಹೋಗುವ ವಿಳಾಸ ಕಾಣುತ್ತದೆ. ಆರಂಭದ ಜೋಡಿ ಸ್ಲ್ಯಾಶ್ ಬಿಟ್ಟು, ಅದರ ನಂತರದ ಮೊದಲ ಒಂಟಿ ಸ್ಲ್ಯಾಶ್ ಹುಡುಕಿ. ಅಲ್ಲಿಂದ ಎಡಕ್ಕೆ ಓದಿ. ಕಾಗದದ ವಿಳಾಸದಲ್ಲಿ ಮನೆ, ಬೀದಿ, ಊರು ಆದಮೇಲೆ ಜಿಲ್ಲೆ ಬರುವ ಹಾಗೆ ಇಲ್ಲೂ ಯಜಮಾನನ ಹೆಸರು ಕೊನೆಯಲ್ಲಿರುತ್ತದೆ. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದು ಮುಗಿದರೆ ಅದು ಇಲಾಖೆಯದು. ಅಷ್ಟನ್ನೇ ಬರೆದು ಮುಂದೆ ಇನ್ನೊಂದು ಡಾಟ್, ಮತ್ತೇನೋ ಹೆಸರು, ಕೊನೆಗೆ ‘ಡಾಟ್ ಟಾಪ್’ ಎಂದಿದ್ದರೆ ಆ ‘ಮತ್ತೇನೋ’ ಇದೆಯಲ್ಲ, ಅವನೇ ಯಜಮಾನ. ಮನೆಗೆ ವಿಧಾನಸೌಧ ಎಂದು ಬೋರ್ಡ್ ಹಾಕಿಕೊಳ್ಳುವುದನ್ನು ಯಾರೂ ತಡೆಯಲಾರರು. ಬೀಗದ ಚಿತ್ರ ಕಂಡು ನಂಬಬೇಡಿ. ಮಾತು ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದರ ಅರ್ಥ, ಕಳ್ಳನಿಗೂ ಅದು ಪುಕ್ಕಟೆ ಸಿಗುತ್ತದೆ. ಬ್ಯಾಂಕುಗಳ ಮಟ್ಟಿಗೆ ಈ ಓದು ಈಗ ಸುಲಭ: 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಸೂಚಿಸಿತ್ತು.

ಪ್ರಶ್ನೆ: ದಿನಕ್ಕೆ ಅರವತ್ತು ಎಪ್ಪತ್ತು ಜಾಹೀರಾತು ಮೇಲ್ ಬರುತ್ತವೆ. ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಇನ್ನೂ ಹೆಚ್ಚುತ್ತವೆ ಎನ್ನುತ್ತಾರೆ, ನಿಜವೇ? (ಗೃಹಿಣಿ, ದಾವಣಗೆರೆ)

ಉತ್ತರ: ಅರ್ಧ ನಿಜ. ನೀವು ಯಾವತ್ತೋ ಸಾಮಾನು ಕೊಂಡ ಅಂಗಡಿ, ನೋಂದಾಯಿಸಿದ ಸೈಟ್ ಆದರೆ ಧೈರ್ಯವಾಗಿ ಒತ್ತಿ. ಮೇಲ್‌ನ ತಳದಲ್ಲಿರುವುದನ್ನಲ್ಲ, ಕಳಿಸಿದವರ ಹೆಸರಿನ ಪಕ್ಕ ಜಿಮೇಲ್ ತಾನೇ ತೋರಿಸುವುದನ್ನು. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಜಾಹೀರಾತು ಮೇಲ್‌ಗಳಿಗೆ ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬ್ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು ಎಂದು ಗೂಗಲ್ 2024ರಲ್ಲಿ ನಿಯಮ ತಂದಿದೆ. ಗುರುತೇ ಇಲ್ಲದವರ ಮೇಲ್ ಆದರೆ ಒಳಗಿನ ಯಾವ ಲಿಂಕೂ ಬೇಡ. ಒತ್ತಿದರೆ ಈ ವಿಳಾಸದಲ್ಲಿ ಜೀವ ಇದೆ ಎಂದು ನೀವೇ ಹೇಳಿಕೊಟ್ಟಂತೆ. ರಿಪೋರ್ಟ್ ಸ್ಪ್ಯಾಮ್ ಒತ್ತಿ ಸುಮ್ಮನಾಗಿ. ಬ್ಲಾಕ್ ಮಾಡುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಅವರು ವಿಳಾಸ ಬದಲಿಸುತ್ತಲೇ ಇರುತ್ತಾರೆ.

ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ‘ಆಸ್ಕ್ ಬಿಫೋರ್ ಡಿಸ್‌ಪ್ಲೇಯಿಂಗ್ ಎಕ್ಸ್‌ಟರ್ನಲ್ ಇಮೇಜಸ್’ ಆಯ್ಕೆ ಮಾಡಿ. ಜಾಹೀರಾತು ಮೇಲ್‌ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಅಡಗಿರುತ್ತದೆ. ಚಿತ್ರ ತೆರೆದುಕೊಂಡರೆ ನೀವು ಮೇಲ್ ಓದಿದಿರೆಂದು ಅವರಿಗೆ ಗೊತ್ತಾಗುತ್ತದೆ.

ಮುಂದೆ ಹೊಸ ಸೈಟ್‌ಗೆ ವಿಳಾಸ ಕೊಡುವಾಗ ನಿಮ್ಮ ಹೆಸರಾದ ಮೇಲೆ ಪ್ಲಸ್ ಚಿಹ್ನೆ ಹಾಕಿ ಅಂಗಡಿಯ ಹೆಸರು ಸೇರಿಸಿ, ಆಮೇಲೆ ಅಟ್ ಜಿಮೇಲ್ ಬರೆಯಿರಿ. ಮೇಲ್ ನಿಮಗೇ ಬರುತ್ತದೆ, ವಿಳಾಸ ಸೋರಿಸಿದವರು ಯಾರೆಂದೂ ತಿಳಿಯುತ್ತದೆ. ಪ್ಲಸ್ ಒಪ್ಪದ ಸೈಟ್‌ಗಳೂ ಇವೆ. ಮತ್ತೊಂದು ಮಾತು: ಸ್ಪ್ಯಾಮ್ ಫೋಲ್ಡರಿನಲ್ಲಿದ್ದದ್ದು 30 ದಿನಕ್ಕೆ ತಾನಾಗಿ ಅಳಿಯುತ್ತದೆ. ಕೆಲಸದ ಸಂದರ್ಶನದ ಪತ್ರವೂ ಅಲ್ಲಿಗೆ ಹೋಗಿ ಬಿದ್ದಿರಬಹುದು, ವಾರಕ್ಕೊಮ್ಮೆ ಇಣುಕಿ ನೋಡಿ.

ಪ್ರಶ್ನೆ: ನನ್ನದೇ ವಿಳಾಸದಿಂದ ನನಗೇ ಮೇಲ್ ಬಂದಿದೆ. ಕ್ಯಾಮೆರಾದಿಂದ ವಿಡಿಯೊ ತೆಗೆದಿದ್ದೇವೆ, ಬಿಟ್‌ಕಾಯಿನ್ ಕೊಡದಿದ್ದರೆ ಎಲ್ಲರಿಗೂ ಕಳಿಸುತ್ತೇವೆ ಎಂದು ಬೆದರಿಕೆ. ನಾನು ಹಿಂದೆ ಬಳಸುತ್ತಿದ್ದ ಪಾಸ್‌ವರ್ಡನ್ನೂ ಬರೆದಿದ್ದಾರೆ. (ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ವಿಡಿಯೊ ಇದ್ದಿದ್ದರೆ ಅದರದೊಂದು ತುಣುಕು ಹಾಕಿಯೇ ಹೆದರಿಸುತ್ತಿದ್ದರು. ಹಣ ಕೊಡಬೇಡಿ, ಉತ್ತರ ಬರೆಯಬೇಡಿ. ಇದೇ ಪತ್ರ ಲಕ್ಷಗಟ್ಟಲೆ ಜನರಿಗೆ ಹೋಗಿರುತ್ತದೆ, ಪಾಸ್‌ವರ್ಡ್ ಮಾತ್ರ ಬೇರೆ ಬೇರೆ.

ನಿಮ್ಮ ವಿಳಾಸದಿಂದ ಬಂದಂತೆ ಕಾಣುವುದಕ್ಕೆ ನಿಮ್ಮ ಖಾತೆ ಒಡೆಯಬೇಕಿಲ್ಲ. ಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರದ್ದು. ಅಂಚೆ ಕವರಿನ ಮೇಲೆ ‘ಇಂದ’ ಎಂದು ಯಾರ ಹೆಸರನ್ನು ಬರೆದರೂ ಡಬ್ಬಿ ನುಂಗುವ ಹಾಗೆ, ಅದು ಬರೆದದ್ದನ್ನು ನಂಬುತ್ತಿತ್ತು. ಆ ‘ಇಂದ’ ಅಸಲಿಯೇ ಎಂದು ನೋಡಲು ಆಮೇಲೆ ಬಂದ ಮೂರು ಪರೀಕ್ಷೆಗಳು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್. ಕಂಪ್ಯೂಟರಿನಲ್ಲಿ ಮೇಲ್ ತೆರೆದು ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿದರೆ ಮೂರರ ಫಲಿತಾಂಶವೂ ಮೇಲ್ಗಡೆ ಕಾಣುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಈ ಸೌಲಭ್ಯವಿಲ್ಲ. ನಿಮ್ಮ ಮೇಲ್‌ನಲ್ಲಿ ಡಿಮಾರ್ಕ್ ಎದುರು ‘ಫೇಲ್’ ಎಂದಿದ್ದರೆ ಹೆಸರು ಕದ್ದದ್ದೆಂದು ಖಾತ್ರಿ. ‘ಪಾಸ್’ ಎಂದಿದ್ದ ಮೇಲ್ ಎಲ್ಲವೂ ಒಳ್ಳೆಯವೆಂದು ಮಾತ್ರ ತಿಳಿಯಬೇಡಿ. ಆ ಡೊಮೈನ್‌ನಿಂದಲೇ (ವಿಳಾಸದಲ್ಲಿ ಅಟ್ ಚಿಹ್ನೆಯ ನಂತರದ ಹೆಸರು) ಬಂದಿದೆ ಎಂದಷ್ಟೇ ಅದರ ಅರ್ಥ, ಡೊಮೈನೇ ಕಳ್ಳನದಾಗಿರಬಹುದು.

ಪಾಸ್‌ವರ್ಡ್ ಸೋರಿದ್ದು ನೀವು ಎಂದೋ ನೋಂದಾಯಿಸಿದ್ದ ಯಾವುದೋ ಸೈಟ್‌ನಿಂದ. ಸೈಬರ್ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ನಿಮ್ಮ ಇ-ಮೇಲ್ ಹಾಕಿದರೆ ಯಾವ ಯಾವ ಸೋರಿಕೆಯಲ್ಲಿ ಅದಿದೆ ಎಂದು ತೋರಿಸುತ್ತದೆ. ಆ ಪಾಸ್‌ವರ್ಡ್ ಈಗಲೂ ಎಲ್ಲಾದರೂ ಬಳಕೆಯಲ್ಲಿದ್ದರೆ ಇವತ್ತೇ ಬದಲಿಸಿ. ಈ ಇಡೀ ಬೆದರಿಕೆಯಲ್ಲಿ ನಿಜವಾದ ಅಪಾಯ ಅದೊಂದೇ.

ಪ್ರಶ್ನೆ: ಜರ್ಮನಿಯ ಗ್ರಾಹಕರೊಬ್ಬರಿಗೆ ಕಾಫಿ ರಫ್ತು ಮಾಡಿದೆವು. ಹಣ ಬರಲಿಲ್ಲ. ಕೇಳಿದರೆ, ಬ್ಯಾಂಕ್ ಖಾತೆ ಬದಲಾಗಿದೆ ಎಂದು ನೀವೇ ಮೇಲ್ ಮಾಡಿದಿರಲ್ಲ, ಆ ಖಾತೆಗೆ ಹಾಕಿದ್ದೇವೆ ಎನ್ನುತ್ತಾರೆ. ನಾವು ಅಂಥ ಮೇಲ್ ಕಳಿಸಿಯೇ ಇಲ್ಲ. (ಕಾಫಿ ವ್ಯಾಪಾರಿ, ಚಿಕ್ಕಮಗಳೂರು)

ಉತ್ತರ: ಮೊದಲು ಹಣ. ಗ್ರಾಹಕರು ಈಗಲೇ ತಮ್ಮ ಬ್ಯಾಂಕಿಗೆ ಹೇಳಿ ಪಾವತಿಯನ್ನು ಮೋಸವೆಂದು ದಾಖಲಿಸಿ ದೇಶ ದೇಶಗಳ ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ವಾಪಸ್ ಕೇಳಿಸಬೇಕು, ಅಲ್ಲಿನ ಪೊಲೀಸರಿಗೂ ದೂರು ಕೊಡಬೇಕು. ಹಣ ಕಳಿಸಿದ ಬ್ಯಾಂಕ್ ಅವರದಾದ್ದರಿಂದ ಈ ಕೆಲಸ ಅವರಿಂದಲೇ ಆಗಬೇಕು. ನೀವು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಯಾವ ಮೇಲನ್ನೂ ಅಳಿಸಬೇಡಿ. ಗ್ರಾಹಕರಿಗೆ ಬಂದ ಆ ಮೇಲನ್ನು ಫಾರ್ವರ್ಡ್ ಮಾಡಿಸಿಕೊಳ್ಳುವ ಬದಲು ಪೂರ್ತಿ ಫೈಲ್ ಆಗಿ ಡೌನ್‌ಲೋಡ್ ಮಾಡಿ ಕಳಿಸಲು ಹೇಳಿ. ಫಾರ್ವರ್ಡ್ ಮಾಡಿದರೆ ಅದು ಬಂದ ದಾರಿಯ ಗುರುತು ಅಳಿಸಿಹೋಗುತ್ತದೆ.

ಆ ಫೈಲ್‌ನಲ್ಲಿ ಕಳಿಸಿದ ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿ. ಇಂಗ್ಲಿಷಿನ ಎಂ ಜಾಗದಲ್ಲಿ ಆರ್ ಮತ್ತು ಎನ್ ಒತ್ತಟ್ಟಿಗೆ ಇಟ್ಟರೆ ಕಣ್ಣು ಮೋಸ ಹೋಗುತ್ತದೆ. ‘ರಿಪ್ಲೈ ಟು’ ವಿಳಾಸ ಬೇರೆ ಇದೆಯೇ ಎಂದೂ ನೋಡಿ. ಆದರೆ ಇನ್‌ವಾಯ್ಸ್ ಸಂಖ್ಯೆ, ಮೊತ್ತ, ದಿನಾಂಕ ಎಲ್ಲ ಸರಿಯಾಗಿ ಹಾಕಿದ್ದಾರೆ ಎಂದರೆ ಇಬ್ಬರಲ್ಲಿ ಒಬ್ಬರ ಇನ್‌ಬಾಕ್ಸ್ ಒಳಗೆ ಯಾರೋ ಕೂತು ಓದುತ್ತಿದ್ದಾರೆ. ನಿಮ್ಮದೇ ಎಂದು ಭಾವಿಸಿ ಹುಡುಕಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಪಾಸ್‌ವರ್ಡ್ ಬದಲಿಸಿದೆ, ಇನ್ನು ಸರಿ ಎನ್ನುತ್ತಾರೆ. ಬಂದವನು ಹೊರಡುವ ಮುನ್ನ ಹಿತ್ತಿಲ ಬಾಗಿಲ ಅಗುಳಿ ತೆಗೆದಿಟ್ಟಿರುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ‘ಫಾರ್ವರ್ಡಿಂಗ್ ಆ್ಯಂಡ್ ಪಿಒಪಿ/ಐಮ್ಯಾಪ್’ ವಿಭಾಗ ತೆರೆಯಿರಿ, ಗುರುತಿಲ್ಲದ ವಿಳಾಸಕ್ಕೆ ಪ್ರತಿ ಹೋಗುತ್ತಿದ್ದರೆ ತೆಗೆಯಿರಿ. ‘ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್’ ನೋಡಿ. ಗ್ರಾಹಕರ ಹೆಸರಿನ ಮೇಲ್ ಬಂದರೆ ಇನ್‌ಬಾಕ್ಸ್‌ಗೆ ಬಾರದಂತೆ ಮಾಡುವ ಫಿಲ್ಟರ್ ಅಲ್ಲಿರಬಹುದು, ನಿಮಗೆ ಅನುಮಾನ ಬಾರದೇ ಇರುವುದು ಅದರಿಂದಲೇ. ಔಟ್‌ಲುಕ್ ಬಳಸುವವರು ರೂಲ್ಸ್ ನೋಡಬೇಕು. ಯಾರೂ ತೆರೆಯದ ‘ಆರ್‌ಎಸ್‌ಎಸ್ ಫೀಡ್ಸ್’ ಫೋಲ್ಡರಿಗೆ ಮೇಲ್ ತಳ್ಳುವುದು ಈ ಕಳ್ಳರ ಹಳೆಯ ಚಾಳಿ. ‘ಅಕೌಂಟ್ಸ್’ ವಿಭಾಗದಲ್ಲಿ ‘ಗ್ರಾಂಟ್ ಆ್ಯಕ್ಸೆಸ್’ ಎದುರು ಯಾರಿದ್ದಾರೆ, ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಯಾವ ಸಾಧನಗಳು, ಯಾವ ಹೊರಗಿನ ಆ್ಯಪ್‌ಗಳು, ರಿಕವರಿಗೆ ಯಾರ ಫೋನ್ ನಂಬರ್ ಇದೆ ಎಂದೂ ಪರೀಕ್ಷಿಸಿ.

ಇದನ್ನೆಲ್ಲ ಮಾಡುವ ಕಂಪ್ಯೂಟರೇ ವೈರಸ್ ಹಿಡಿದದ್ದಾದರೆ ಹೊಸ ಪಾಸ್‌ವರ್ಡೂ ಕಳ್ಳನಿಗೆ ಹೋಗುತ್ತದೆ, ಹಾಗಾಗಿ ಶುದ್ಧವಾದ ಬೇರೆ ಸಾಧನದಿಂದ ಮಾಡಿ. ಕೊನೆಗೆ ಎರಡು ಹಂತದ ದೃಢೀಕರಣ ಹಾಕಿ. ಎಸ್‌ಎಂಎಸ್ ಒಟಿಪಿಯನ್ನು ನಕಲಿ ಪುಟ ಕೇಳಿ ಕಸಿಯಬಲ್ಲದು. ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಒಳಹೋಗುವ ಪಾಸ್‌ಕೀ ನಕಲಿ ಪುಟದಲ್ಲಿ ಕೆಲಸವೇ ಮಾಡುವುದಿಲ್ಲ, ಅದೇ ಮೇಲು.

ಸ್ವಂತ ಡೊಮೈನ್ ಇದ್ದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರಗಳ ಸಾರ್ವಜನಿಕ ದಾಖಲೆ) ಹಾಕಿಸಿ. ಇದರಲ್ಲಿ ಪದೇ ಪದೇ ಆಗುವ ತಪ್ಪು ಎರಡು: ಹಳೆಯ ಎಸ್‌ಪಿಎಫ್ ದಾಖಲೆ ಇದ್ದಾಗಲೇ ಇನ್ನೊಂದನ್ನು ಸೇರಿಸುವುದು (ಎರಡಿದ್ದರೆ ಎರಡೂ ಕೆಟ್ಟವು, ಒಂದರಲ್ಲೇ ಎಲ್ಲ ಬರೆಯಬೇಕು), ಮತ್ತು ಅದರೊಳಗೆ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾಗುವಂತೆ ತುಂಬುವುದು. ಡಿಮಾರ್ಕನ್ನು ಮೊದಲು ‘ನನ್’ (ಏನನ್ನೂ ತಡೆಯಬೇಡ) ಎಂದಿಟ್ಟು ಕೆಲವು ವಾರ ವರದಿ ನೋಡಿ, ಆಮೇಲೆ ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ಕೊನೆಗೆ ‘ರಿಜೆಕ್ಟ್’ (ತಿರಸ್ಕರಿಸು) ಮಾಡಿ. ಅವಸರದಲ್ಲಿ ‘ರಿಜೆಕ್ಟ್’ ಹಾಕಿದರೆ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸುವ ಮೇಲ್‌ಗಳೂ ಬಿದ್ದುಹೋಗುತ್ತವೆ. ಇಷ್ಟಾದರೂ ಹೋಲಿಕೆಯ ಡೊಮೈನ್ ಕೊಂಡವನನ್ನು ಡಿಮಾರ್ಕ್ ತಡೆಯದು. ಅದಕ್ಕೆ ಫೋನೇ ಮದ್ದು: ಖಾತೆ ಬದಲಾವಣೆಯನ್ನು ಮೇಲ್‌ನಲ್ಲಿ ತಿಳಿಸುವುದಿಲ್ಲ ಎಂದು ಪ್ರತಿ ಇನ್‌ವಾಯ್ಸ್ ಮೇಲೂ ಅಚ್ಚು ಹಾಕಿ, ಕರಾರುಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿದ ಮೇಲಷ್ಟೇ ಹಣ ಹಾಕಲು ಹೇಳಿ. ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗಲ್ಲ.

ಪ್ರಶ್ನೆ: ಪಾಸ್‌ವರ್ಡ್ ಹಾಕಿದ ಫೈಲ್ ತೆರೆಯಬಾರದು ಎಂದು ಓದಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಹಾಗೇ ಬರುತ್ತದಲ್ಲ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಬ್ಯಾಂಕಿನ ಪಿಡಿಎಫ್‌ಗೆ ಬೇಕಾದ ಪಾಸ್‌ವರ್ಡ್ ನಿಮಗೆ ಮೊದಲೇ ಗೊತ್ತಿರುವುದು: ಹುಟ್ಟಿದ ದಿನ, ಪ್ಯಾನ್, ಹೀಗೆ. ಮೇಲ್‌ನಲ್ಲಿ ಸೂತ್ರ ಇರುತ್ತದೆ, ಪಾಸ್‌ವರ್ಡ್ ಇರುವುದಿಲ್ಲ. ಜಿಪ್ ಫೈಲ್ ಕಳಿಸಿ ಅದೇ ಮೇಲ್‌ನಲ್ಲಿ ಪಾಸ್‌ವರ್ಡ್ ಬರೆದಿದ್ದರೆ ಅನುಮಾನಿಸಿ. ಬೀಗ ಹಾಕಿದ ಜಿಪ್‌ನೊಳಗನ್ನು ವೈರಸ್ ಪರೀಕ್ಷೆ ಓದಲಾರದು, ಅದಕ್ಕೇ ಆ ಬೀಗ. ಬಿಲ್ ಎಂದು ಬಂದ ಎಚ್‌ಟಿಎಂಎಲ್ ಫೈಲ್ ತೆರೆದಾಗ ಮೇಲ್ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಮುಚ್ಚಿ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿಕೊಳ್ಳಿ. ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬುದರ ಬಾಲ ಆಗ ಕಾಣುತ್ತದೆ.

ಪ್ರಶ್ನೆ: ನಮ್ಮ ಕೂಟದ ಅಧ್ಯಕ್ಷರ ಹೆಸರಿನಲ್ಲಿ ಖಜಾಂಚಿಗೆ ಮೇಲ್: ಮೀಟಿಂಗ್‌ನಲ್ಲಿದ್ದೇನೆ, ಗಿಫ್ಟ್ ಕಾರ್ಡ್ ಕೊಂಡು ಅದರ ಹಿಂಬದಿಯ ನಂಬರ್ ಕಳಿಸಿ ಎಂದು. ಅಧ್ಯಕ್ಷರ ಖಾತೆ ಹ್ಯಾಕ್ ಆಗಿದೆಯೇ? (ಕನ್ನಡ ಕೂಟದ ಕಾರ್ಯದರ್ಶಿ, ಅಮೆರಿಕ)

ಉತ್ತರ: ಬಹುಶಃ ಇಲ್ಲ. ಹೆಸರಿನ ಮೇಲೆ ಒತ್ತಿ ನೋಡಿ, ಒಳಗೆ ಯಾವುದೋ ಹೊಸ ವಿಳಾಸವಿರುತ್ತದೆ. ಯಾರು ಅಧ್ಯಕ್ಷರು, ಯಾರು ಖಜಾಂಚಿ ಎಂಬುದು ಕೂಟದ ವೆಬ್‌ಸೈಟಿನಲ್ಲೇ ಇದ್ದರೆ ಕಳ್ಳನಿಗೆ ಬೇರೇನೂ ಬೇಕಿಲ್ಲ. ಅಲ್ಲಿಂದ ಖಾಸಗಿ ವಿಳಾಸಗಳನ್ನು ತೆಗೆದು ಒಂದು ಸಂಪರ್ಕ ಫಾರ್ಮ್ ಇಡಿ.

ಪ್ರಶ್ನೆ: ನಿನ್ನೆ ಒಂದು ಗಂಟೆಯಲ್ಲಿ ನಾನೂರಕ್ಕೂ ಹೆಚ್ಚು ಮೇಲ್ ಬಂದವು, ಎಲ್ಲವೂ ‘ನೋಂದಣಿಗೆ ಧನ್ಯವಾದ’ ಎಂಬಂಥವು. ಎಲ್ಲ ಅಳಿಸಿಬಿಡಲೇ? (ಅಂಗಡಿ ಮಾಲೀಕರು, ಮಂಗಳೂರು)

ಉತ್ತರ: ಅಳಿಸಬೇಡಿ. ಸಂತೆಯ ಗದ್ದಲ ಎಬ್ಬಿಸಿ ಜೇಬು ಕತ್ತರಿಸುವ ಉಪಾಯ ಇದು. ಆ ರಾಶಿಯಡಿ ನೀವು ನೋಡಬಾರದೆಂದು ಅವರು ಬಯಸುವ ಒಂದೆರಡು ಮೇಲ್ ಇರುತ್ತವೆ: ಕಾರ್ಡಿನಿಂದಾದ ಖರೀದಿ, ಪಾಸ್‌ವರ್ಡ್ ಬದಲಾವಣೆ, ಹೊಸ ಡೆಲಿವರಿ ವಿಳಾಸ. ಸರ್ಚ್‌ನಲ್ಲಿ ನಿಮ್ಮ ಬ್ಯಾಂಕಿನ ಹೆಸರು, ನೀವು ಕೊಳ್ಳುವ ಅಂಗಡಿ ಸೈಟ್‌ಗಳ ಹೆಸರು, ಇಂಗ್ಲಿಷಿನಲ್ಲಿ ಆರ್ಡರ್, ಪಾಸ್‌ವರ್ಡ್ ಎಂಬ ಪದ ಒಂದೊಂದಾಗಿ ಹಾಕಿ. ಸ್ಪ್ಯಾಮ್ ಮತ್ತು ಟ್ರ್ಯಾಶ್‌ನಲ್ಲೂ ಹುಡುಕಿ. ಬ್ಯಾಂಕಿನ ಆ್ಯಪ್ ತೆರೆದು ನಿನ್ನೆಯ ವಹಿವಾಟುಗಳನ್ನು ಒಂದೊಂದಾಗಿ ನೋಡಿ. ಮೇಲ್‌ನಲ್ಲಿ ಏನೂ ಸಿಗದಿದ್ದರೂ ಈ ಕೊನೆಯ ಕೆಲಸ ಬಿಡಬೇಡಿ. ರಾಶಿ ತೆರವು ಮಾಡುವುದು ಅದಾದ ಮೇಲೆ.