ಕಾಲು ಹಿಡಿಸಿದ್ದು ಯಾವ ಮಾತ್ರೆ?

ಅವರಿಗೆ 64 ವರ್ಷ. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ. ಮಗನ ಜೊತೆ ಬಂದಿದ್ದರು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಕೂರುವ ಮೊದಲೇ ಮಗ ಶುರು ಮಾಡಿದರು. "ಮೇಡಂ, ಕೊಲೆಸ್ಟ್ರಾಲ್ ಮಾತ್ರೆಯಿಂದ ಅಮ್ಮನ ಕಾಲು ಹಾಳಾಗ್ತಿದೆ. ಮೊಬೈಲ್‌ನಲ್ಲಿ ಎಲ್ಲಾ ಓದಿದ್ದೀನಿ. ನಿಲ್ಲಿಸಿಬಿಡಬಹುದಾ?" ತಾಯಿ ಏನೂ ಮಾತಾಡಲಿಲ್ಲ. ಔಷಧಿ ಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು.

ವೈದ್ಯರು ಬರೆದ ಔಷಧಿಯನ್ನು ಹೇಗೆ ತಗೋಬೇಕು ಅಂತ ಕೂರಿಸಿಕೊಂಡು ಹೇಳೋದು ನನ್ನ ಕೆಲಸ. ನಿಲ್ಲಿಸೋದು, ಬದಲಿಸೋದು ನನ್ನ ಕೈಯಲ್ಲಿಲ್ಲ. ಹಾಗಾಗಿ ಉತ್ತರ ಹೇಳದೆ, "ಚೀಲದಲ್ಲಿ ಇರೋದನ್ನೆಲ್ಲ ಮೇಜಿನ ಮೇಲೆ ಇಡಿ ಅಮ್ಮ" ಅಂದೆ.

ಮೂರು ಥರದ ಸ್ಟ್ರಿಪ್ ಇತ್ತು, ಸಕ್ಕರೆ ಮಾತ್ರೆ ಬಿಟ್ಟು. ಬಿಪಿಯ ಅಮ್ಲೋಡಿಪಿನ್ ಹಳೆಯದು, ವರ್ಷಗಳಿಂದ ನಡೀತಿದೆ. ಎರಡೂವರೆ ತಿಂಗಳ ಹಿಂದೆ ಒಂದೇ ದಿನ ಎರಡು ಹೊಸದು ಸೇರಿದ್ದವು: ಮಗ ಹೇಳಿದ ಕೊಲೆಸ್ಟ್ರಾಲ್ ಮಾತ್ರೆ, ಅಂದರೆ ಸ್ಟಾಟಿನ್ ಗುಂಪಿನ ಅಟೋರ್ವಾಸ್ಟಾಟಿನ್ 20 ಮಿಲಿಗ್ರಾಂ, ಮತ್ತೆ ಬಿಪಿಗೆ ಕ್ಲೋರ್ಥಾಲಿಡೋನ್ 25 ಮಿಲಿಗ್ರಾಂ. ಬಿಲ್ಲಿನ ತಾರೀಖು ನೋಡಿದೆ. ಬಿಪಿ ಮಾತ್ರೆಗಳು ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗಿದ್ದವು. ಅಟೋರ್ವಾಸ್ಟಾಟಿನ್ ಸ್ಟ್ರಿಪ್‌ನಲ್ಲಿ ಮಾತ್ರ ಮೂರೇ ಗುಳಿಗೆ ಒಡೆದಿತ್ತು, ಉಳಿದ ಏಳು ಹಾಗೇ ಉಬ್ಬಿಕೊಂಡಿದ್ದವು.

"ತುಂಬಾ ಜನ ಬಿಟ್ಟುಬಿಡ್ತಾರೆ. ನೀವು ಯಾವಾಗಿಂದ ಬಿಟ್ರಿ?"

"ಮೂರು ವಾರ ಆಯ್ತಮ್ಮ. ಡಾಕ್ಟರಿಗೆ ಹೇಳ್ಬೇಡಿ."

ಮಗ ಅವರ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ.

"ಬಿಟ್ಟ ಮೇಲೆ ನೋವು?"

"ಹಾಗೇ ಇದೆ."

ಇಡೀ ಪ್ರಕರಣ ತಿರುಗಿದ್ದು ಈ ಉತ್ತರದಲ್ಲಿ. ಸ್ಟಾಟಿನ್‌ನಿಂದ ಬಂದ ನೋವಾಗಿದ್ದರೆ, ಬಿಟ್ಟ ಮೂರು ವಾರಕ್ಕೆ ಸ್ವಲ್ಪವಾದರೂ ತಗ್ಗೋದು ಸಾಮಾನ್ಯ.

ಎಲ್ಲಿ ನೋವು ಅಂತ ಕೈ ಇಟ್ಟು ತೋರಿಸಿ ಅಂದೆ. ಬಗ್ಗಿ ಮೀನಖಂಡವನ್ನು ಹಿಡಿದರು. "ರಾತ್ರಿ ಎರಡು ಗಂಟೆಗೆ ಗಂಟು ಕಟ್ಟಿದ ಹಾಗೆ ಹಿಡ್ಕೊಳ್ಳುತ್ತೆ. ಎದ್ದು ಪಾದ ನೆಲಕ್ಕೆ ಒತ್ತಿದ್ರೆ ಬಿಡುತ್ತೆ." ಸ್ಟಾಟಿನ್ ನೋವು ಸಾಮಾನ್ಯವಾಗಿ ಹೀಗಿರಲ್ಲ. ಅದು ಎರಡೂ ತೊಡೆ, ಸೊಂಟ, ಭುಜ ಹೀಗೆ ದೊಡ್ಡ ಸ್ನಾಯುಗಳಲ್ಲಿ ಬರುತ್ತೆ. ಹಗಲು ರಾತ್ರಿ ಒಂದೇ ಸಮ ಕೊರೀತಿರುತ್ತೆ, ಕುರ್ಚಿಯಿಂದ ಏಳೋಕೆ ಕಷ್ಟ ಅನಿಸುತ್ತೆ. ಹೀಗೇ ಇರಬೇಕು ಅಂತ ನಿಯಮವೇನಿಲ್ಲ, ಆದರೂ ಕೈ ಎಲ್ಲಿಗೆ ಹೋಗುತ್ತೆ ಅನ್ನೋದನ್ನು ನಾನು ಯಾವತ್ತೂ ಗಮನಿಸ್ತೀನಿ.

ನನ್ನ ಅನುಮಾನ ಕ್ಲೋರ್ಥಾಲಿಡೋನ್ ಮೇಲೆ ಹೋಯಿತು. "ಅದು ಬಿಪಿ ಮಾತ್ರೆ ಅಲ್ವಾ?" ಅಂದರು ಮಗ. ಹೌದು, ಬಿಪಿಯದ್ದೇ. ಆದರೆ ಅದು ಕೆಲಸ ಮಾಡೋದು ಮೂತ್ರ ಜಾಸ್ತಿ ಮಾಡಿ. ಕಿಡ್ನಿಯಿಂದ ಉಪ್ಪು, ನೀರು ಹೊರಗೆ ಹಾಕಿಸುತ್ತೆ, ಜೊತೆಗೆ ಪೊಟ್ಯಾಸಿಯಂ ಕೂಡ ಹೋಗುತ್ತೆ. ಅದು ಕಮ್ಮಿಯಾದರೆ ಸ್ನಾಯು ಸೋಲುತ್ತೆ, ಹಿಡ್ಕೊಳ್ಳುತ್ತೆ. ಸ್ಟಾಟಿನ್ ಬಗ್ಗೆ ಊರೆಲ್ಲಾ ಓದಿರುತ್ತೆ, ಪಕ್ಕದಲ್ಲಿರುವ ಈ ಪುಟ್ಟ ಮಾತ್ರೆ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಎಷ್ಟೋ ಜನಕ್ಕೆ ಅದು ಬೇರೆ ಬಿಪಿ ಔಷಧಿಯ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರೋದೂ ಗೊತ್ತಿರಲ್ಲ.

"ಯಾವಾಗ ತಗೋತೀರ?" ಅಂದೆ. ಮರೆಯಬಾರದು ಅಂತ ಎಲ್ಲಾ ರಾತ್ರಿ ಒಟ್ಟಿಗೆ. ಆಮೇಲೆ ಮೂರು ಸಲ ಎದ್ದು ಬಚ್ಚಲಿಗೆ. ಅದಕ್ಕೆ ಹೆದರಿ ಮಧ್ಯಾಹ್ನದಿಂದಲೇ ನೀರು ಕಮ್ಮಿ ಮಾಡಿದ್ದರು.

ಮಗನಿಗೆ ನೇರ ಉತ್ತರ ಬೇಕಿತ್ತು: ಈ ಎರಡು ಮಾತ್ರೆ ಒಟ್ಟಿಗೆ ತಗೋಬಹುದಾ, ಇಲ್ವಾ? ತಗೋಬಹುದು. ಲಕ್ಷಾಂತರ ಜನ ತಗೋತಿದ್ದಾರೆ. ಅಟೋರ್ವಾಸ್ಟಾಟಿನ್ ಕೆಲಸ ಲಿವರ್‌ನಲ್ಲಿ, ಕ್ಲೋರ್ಥಾಲಿಡೋನ್ ಕೆಲಸ ಕಿಡ್ನಿಯಲ್ಲಿ, ಒಂದಕ್ಕೊಂದು ನೇರ ಜಗಳ ಇಲ್ಲ. ಆದರೆ ಎರಡರ ತೊಂದರೆಯೂ ಸ್ನಾಯುವಿನಲ್ಲೇ ಕಾಣಿಸಿಕೊಳ್ಳಬಹುದು. ಪೊಟ್ಯಾಸಿಯಂ ತೀರಾ ಕುಸಿದರೆ ಸ್ಟಾಟಿನ್ ಇಲ್ಲದೆಯೇ ಸ್ನಾಯು ಒಡೆಯಬಹುದು. ಒಡೆದ ಸ್ನಾಯುವಿನ ಕಸವನ್ನು ತೆಗೆಯಬೇಕಾದ್ದು ಕಿಡ್ನಿ, ದೇಹದಲ್ಲಿ ನೀರು ಕಮ್ಮಿ ಇದ್ದರೆ ಅದಕ್ಕೂ ಕಷ್ಟ. ಹಾಗಾಗಿ ನೋಡಬೇಕಾದ್ದು ಜೋಡಿಯನ್ನಲ್ಲ, ರಕ್ತದಲ್ಲಿರುವ ಲೆಕ್ಕವನ್ನ.

"ಡಾಕ್ಟರಿಗೆ ಹೇಳದೆ ಇರೋಕಾಗಲ್ಲ ಅಮ್ಮ, ಆದರೆ ನಿಮ್ಮ ಮುಂದೆಯೇ ಹೇಳ್ತೀನಿ" ಅಂದೆ. ಒಪ್ಪಿದರು. ವೈದ್ಯರು ಬೈಯಲಿಲ್ಲ. ಪರೀಕ್ಷೆ ಬರೆದರು. ಪೊಟ್ಯಾಸಿಯಂ 3.1 ಬಂತು, 3.5ರಿಂದ 5ರ ನಡುವೆ ಇರಬೇಕಾದ್ದು. ಸ್ನಾಯು ಹಾಳಾದರೆ ರಕ್ತದಲ್ಲಿ ಏರುವ ಸಿಕೆ ಎಂಬ ಕಿಣ್ವದ ಮಟ್ಟ ಸರಿಯಾಗಿಯೇ ಇತ್ತು. ಥೈರಾಯ್ಡ್, ಮೆಗ್ನೀಸಿಯಂ ಕೂಡ ಸರಿ. ಥೈರಾಯ್ಡ್ ಕಮ್ಮಿ ಇದ್ದವರಿಗೆ ಸ್ಟಾಟಿನ್ ನೋವು ಬೇಗ ಬರುತ್ತೆ, ಅದಕ್ಕೇ ನೋಡಿದ್ದು. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಮಾತ್ರ ಹಿಂದಿಗಿಂತ ತುಸು ಮೇಲೆ. ಕ್ಲೋರ್ಥಾಲಿಡೋನ್ 12.5 ಮಿಲಿಗ್ರಾಂಗೆ ಇಳಿಯಿತು, ಕೆಲವು ದಿನಕ್ಕೆ ಪೊಟ್ಯಾಸಿಯಂ ಸಿರಪ್ ಬಂತು. ಸ್ಟಾಟಿನ್ ಎರಡು ವಾರ ಬಿಟ್ಟು ಶುರು ಮಾಡೋಣ ಅಂದರು. ಎರಡನ್ನೂ ಒಂದೇ ದಿನ ಶುರು ಮಾಡಿದ್ದರಿಂದಲೇ ಈ ಗೊಂದಲ ಆಗಿದ್ದು.

ಆ ಕ್ರಿಯಾಟಿನಿನ್ ಯಾಕೆ ಏರಿದೆ ಅಂತ ನಾನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ, ಅದು ನನ್ನ ತಪ್ಪು. ಮುಂದಿನ ಭೇಟಿಯಲ್ಲಿ ಮಾತಿನ ಮಧ್ಯೆ ಗೊತ್ತಾಯಿತು: ಕಾಲು ನೋವಿಗೆ ಅಂತ ತಾವೇ ಡೈಕ್ಲೋಫೆನಾಕ್ ತಂದು ದಿನಕ್ಕೆ ಎರಡರಂತೆ ನುಂಗುತ್ತಿದ್ದರು. "ಔಷಧಿ ಎಲ್ಲಾ ತೋರಿಸಿ" ಅಂದಿದ್ದೆನಲ್ಲ, ಅವರ ಲೆಕ್ಕದಲ್ಲಿ ನೋವಿನ ಮಾತ್ರೆ ಔಷಧಿಯೇ ಅಲ್ಲ. ಅದು ಮೂತ್ರದ ಮಾತ್ರೆಯ ಕೆಲಸವನ್ನು ತಗ್ಗಿಸುತ್ತೆ, ಬಿಪಿ ಏರಿಸುತ್ತೆ, ನೀರು ಕಮ್ಮಿ ಇರುವ ಕಿಡ್ನಿಗೆ ಏಟು ಕೊಡುತ್ತೆ. ವೈದ್ಯರು ನಿಲ್ಲಿಸಿದರು. ಈಗ ನಾನು "ನೋವಿಗೆ, ಗ್ಯಾಸ್‌ಗೆ, ನಿದ್ದೆಗೆ ಏನು ತಗೋತೀರ?" ಅಂತ ಬಿಡಿಸಿ ಕೇಳ್ತೀನಿ.

ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ಮೂತ್ರದ ಮಾತ್ರೆ ಬೆಳಿಗ್ಗೆ. ಅಟೋರ್ವಾಸ್ಟಾಟಿನ್ ಯಾವ ಹೊತ್ತಿಗಾದರೂ ಸರಿ, ಅಭ್ಯಾಸ ಇದೆ ಅಂದರೆ ರಾತ್ರಿಯೇ ಇರಲಿ. (ಸಿಮ್ವಾಸ್ಟಾಟಿನ್ ಆಗಿದ್ದರೆ ರಾತ್ರಿಯೇ ಬೇಕಿತ್ತು, ಅಮ್ಲೋಡಿಪಿನ್ ಜೊತೆ ದಿನಕ್ಕೆ 20 ಮಿಲಿಗ್ರಾಂ ದಾಟುವಂತಿಲ್ಲ.) ಬಾಯಾರಿಕೆಗೆ ನೀರು ಕುಡೀರಿ. ಹೃದಯ ಸೋತವರಿಗೆ ವೈದ್ಯರು ನೀರಿಗೆ ಮಿತಿ ಹಾಕಿರ್ತಾರೆ, ಇವರಿಗೆ ಹಾಕಿರಲಿಲ್ಲ. ವಾಂತಿ ಭೇದಿ ಶುರುವಾದರೆ ಅವತ್ತೇ ಫೋನ್ ಮಾಡಿ, ಮೂತ್ರದ ಮಾತ್ರೆಯನ್ನು ಒಂದೆರಡು ದಿನ ತಡೆಯಬೇಕಾಗಬಹುದು. ಪೊಟ್ಯಾಸಿಯಂ ಅನ್ನು ಸುಮ್ನೆ ಅಂಗಡಿಯಿಂದ ತಂದು ಕುಡಿಯಬೇಡಿ. ಸ್ಪೈರೊನೊಲ್ಯಾಕ್ಟೋನ್‌ನಂಥ ಮೂತ್ರದ ಮಾತ್ರೆಗಳು ಅದನ್ನು ಇಳಿಸಲ್ಲ, ಏರಿಸುತ್ತವೆ. ಅಂಥವರಿಗೆ ಜಾಸ್ತಿಯಾದರೆ ಹೃದಯದ ಬಡಿತವೇ ಕೆಡಬಹುದು.

ಒಂದು ಮಾತನ್ನು ಎರಡು ಸಲ ಹೇಳಿದೆ. ಮೈಕೈ ತೀವ್ರ ನೋವು, ನಿಶ್ಶಕ್ತಿ, ಜೊತೆಗೆ ಮೂತ್ರ ಕಡು ಟೀ ಬಣ್ಣಕ್ಕೆ ತಿರುಗಿದರೆ ಸ್ಟಾಟಿನ್ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಇದು ತೀರಾ ಅಪರೂಪ. ಆದರೆ ಕಾಯುವಂಥದ್ದಲ್ಲ.

ಹತ್ತು ದಿನಕ್ಕೆ ಕಾಲು ಹಿಡಿಯೋದು ನಿಂತಿತು. ಪೊಟ್ಯಾಸಿಯಂ 3.9ಕ್ಕೆ ಬಂತು. ಸ್ಟಾಟಿನ್ ಮತ್ತೆ ಶುರುವಾಯಿತು. ನಾಲ್ಕನೇ ದಿನಕ್ಕೆ ಮಗನ ಫೋನ್: "ಈಗ ತೊಡೆ ನೋವಂತೆ!" ಹೆದರಿಕೆಗೂ ನೋವು ಬರುತ್ತೆ. ಸ್ಟಾಟಿನ್ ಬಿಟ್ಟಿದ್ದ 60 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ಟಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ನೂರಕ್ಕೆ ಸುಮಾರು 90 ಭಾಗ, ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದ ತಿಂಗಳುಗಳಲ್ಲೂ ಕಂಡಿತ್ತು. ಹಾಗಂತ "ಎಲ್ಲಾ ನಿಮ್ಮ ಮನಸ್ಸಿನದು" ಅಂತ ನಾನು ಯಾರಿಗೂ ಹೇಳಲ್ಲ, ನೋವು ನೋವೇ. ದಿನಾ ರಾತ್ರಿ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಬರೆದಿಡಿ, ಎರಡು ವಾರ ನೋಡೋಣ, ಏರಿದರೆ ಸಿಕೆ ಮಾಡಿಸೋಣ ಅಂದೆ. 4, 4, 3, 2 ಅಂತ ಇಳಿದು, ಒಂಬತ್ತನೇ ದಿನಕ್ಕೆ ಬರೆಯೋದನ್ನೇ ಮರೆತಿದ್ದರು.

ಕಳೆದ ತಿಂಗಳು ಅವರೇ ಫೋನ್ ಮಾಡಿದರು. ಕೆಮ್ಮಿಗೆ ಬೇರೆ ಕಡೆ ತೋರಿಸಿದ್ದರಂತೆ. "ಒಂದು ಹೊಸ ಮಾತ್ರೆ ಕೊಟ್ಟಿದ್ದಾರಮ್ಮ. ಇನ್ನೂ ತಗೊಂಡಿಲ್ಲ. ಹೆಸರು ಓದ್ತೀನಿ, ಕೇಳಿ. ಕ್ಲಾ... ರಿ... ಥ್ರೋ..." ಕ್ಲಾರಿಥ್ರೊಮೈಸಿನ್. ಅಟೋರ್ವಾಸ್ಟಾಟಿನ್ ಅನ್ನು ರಕ್ತದಲ್ಲಿ ಏರಿಸಿ ಸ್ನಾಯುವಿಗೆ ತೊಂದರೆ ತರಬಹುದಾದ ಔಷಧಿ. ತಡೀರಿ ಅಂದು ವೈದ್ಯರಿಗೆ ಫೋನ್ ಮಾಡಿದೆ, ಅವರು ಬೇರೆ ಬರೆದುಕೊಟ್ಟರು.