ಬೇಸ್ ಗಿಟಾರ್‌ಗೆ ಭಾರದ ಟ್ಯೂಬ್ ಆಂಪ್ ತಗೊಳ್ಳಲಾ, ಹಗುರದ್ದು ಸಾಕಾ?

ನೀವು ಕೇಳಿದ್ದು ಇಷ್ಟು. ದಾವಣಗೆರೆಯಲ್ಲಿ ನಿಮ್ಮದೊಂದು ಬ್ಯಾಂಡ್ ಇದೆ, ನೀವು ಬೇಸ್ ನುಡಿಸುತ್ತೀರಿ. ಕಾಲೇಜು ಫೆಸ್ಟ್, ಆರತಕ್ಷತೆ, ಗಣೇಶನ ಹಬ್ಬದ ರಸಮಂಜರಿ ಅಂತ ಎಲ್ಲ ಕಡೆ ಹೋಗುತ್ತೀರಿ. ಬೆಂಗಳೂರಿನಲ್ಲಿ ಒಬ್ಬರು ಆಂಪೆಗ್ ಕಂಪನಿಯ 300 ವ್ಯಾಟಿನ ಎಸ್‌ವಿಟಿ ಟ್ಯೂಬ್ ಹೆಡ್ಡನ್ನು (ಹೆಡ್ ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್, ಟ್ಯೂಬ್ ಅಂದರೆ ಹಳೇ ರೇಡಿಯೋದಲ್ಲಿ ಇರುತ್ತಿದ್ದ ವಾಲ್ವ್), ಜೊತೆಗೆ 10 ಇಂಚಿನ ಎಂಟು ಸ್ಪೀಕರ್ ಇರುವ ಕ್ಯಾಬಿನೆಟ್ಟನ್ನು ಮಾರುತ್ತಿದ್ದಾರೆ. ಹೆಚ್ಚು ಕಡಿಮೆ ಅದೇ ದುಡ್ಡಿಗೆ 500 ವ್ಯಾಟಿನ ಹೊಸ ಹಗುರ ಹೆಡ್ಡೂ ಒಂದು ಕ್ಯಾಬಿನೆಟ್ಟೂ ಬರುತ್ತದೆ. ಯಾವುದು ತಗೊಳ್ಳೋದು?

ಹಗುರದ್ದು ತಗೊಳ್ಳಿ. ಉಳಿದ ದುಡ್ಡನ್ನೆಲ್ಲ ಒಳ್ಳೆಯ ಕ್ಯಾಬಿನೆಟ್‌ಗೆ ಹಾಕಿ.

ಟ್ಯೂಬ್ ಆಂಪ್ ಬೇಡ ಅನ್ನುವವನಲ್ಲ ನಾನು. ಇದೇ ಊರಲ್ಲಿ ಬೇಸ್ ನುಡಿಸುತ್ತೇನೆ, ಎರಡೂ ಥರದವುಗಳ ಮೇಲೆ ನುಡಿಸಿದ್ದೇನೆ. ಎಸ್‌ವಿಟಿ ಅಂದರೆ ನನಗೆ ಪ್ರಾಣ. ಪವರ್ ಸ್ವಿಚ್ ಹಾಕಿ, ಟ್ಯೂಬ್ ಕಾಯುವ ತನಕ ಒಂದೆರಡು ನಿಮಿಷ ಬಿಟ್ಟು, ಸ್ಟ್ಯಾಂಡ್‌ಬೈ ಸ್ವಿಚ್ ಮೇಲೆತ್ತಿ ದಪ್ಪ ತಂತಿ ಒಮ್ಮೆ ಮೀಟಿದರೆ ಸಾಕು. ಬೆರಳಿಗೆ ಜೋರು ಕೊಟ್ಟಷ್ಟೂ ಸ್ವರ ದಪ್ಪ ಆಗುತ್ತದೆ, ಆದರೆ ಕಿವಿಗೆ ಹೊಡೆಯುವುದಿಲ್ಲ. ಮೆಲ್ಲಗೆ ಮೀಟಿದರೆ ಶುಭ್ರ, ಒತ್ತಿ ಮೀಟಿದರೆ ಒಂಚೂರು ಗೊರಗೊರ. ಅದು ನಮ್ಮ ಬೆರಳಿನ ಮಾತು ಕೇಳುತ್ತದೆ. ಆ ಸುಖ ಸುಳ್ಳು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೆ ಎಸ್‌ವಿಟಿ ಹುಟ್ಟಿದ್ದು ಯಾವ ಕೆಲಸಕ್ಕೆ ಅಂತ ನೋಡಿ. ಅದು ಬಂದದ್ದು 1969ರಲ್ಲಿ. ರೋಲಿಂಗ್ ಸ್ಟೋನ್ಸ್ ತಂಡ ಆ ವರ್ಷದ ಅಮೆರಿಕ ಪ್ರವಾಸದಲ್ಲೇ ಅದರ ಮೊದಲ ಮಾದರಿಗಳನ್ನು ವೇದಿಕೆಗೆ ಏರಿಸಿತು. ಆಗ ಸೌಂಡ್ ಸಿಸ್ಟಂ ಮುಖ್ಯವಾಗಿ ಹಾಡುಗಾರರಿಗೆ. ಬೇಸ್ ಕಡೇ ಸಾಲಿನವರಿಗೂ ಕೇಳಬೇಕು ಅಂದರೆ ಆಂಪೇ ಆ ಕೆಲಸ ಮಾಡಬೇಕಿತ್ತು. 300 ವ್ಯಾಟ್, ಎಂಟು ಸ್ಪೀಕರ್, ಅಷ್ಟು ತೂಕ, ಎಲ್ಲ ಅದಕ್ಕಾಗಿ.

ನಮ್ಮಲ್ಲಿ ಇವತ್ತು ಆಗುವುದೇ ಬೇರೆ. ವೇದಿಕೆ ಹತ್ತಿದ ತಕ್ಷಣ ಸೌಂಡಿನ ಹುಡುಗ ಕೇಬಲ್ ಹಿಡಿದು ಬರುತ್ತಾನೆ, "ಅಣ್ಣಾ, ಬೇಸ್ ಲೈನ್ ಕೊಡಿ" ಅಂತಾನೆ. ಆಂಪಿನ ಹಿಂದಿನ ಡಿಐ ಔಟ್‌ಗೆ (ಮಿಕ್ಸರ್‌ಗೆ ನೇರ ಲೈನ್ ಕೊಡುವ ಸಾಕೆಟ್) ಆ ಕೇಬಲ್ ಚುಚ್ಚಿದರೆ ಮುಗಿಯಿತು, ಜನರಿಗೆ ಕೇಳುವ ಬೇಸ್ ಎಲ್ಲ ಅವರ 18 ಇಂಚಿನ ಬಿನ್‌ಗಳಿಂದ, ಅಂದರೆ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ. ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಎಸ್‌ವಿಟಿಯಂಥ ಟ್ಯೂಬ್ ಹೆಡ್‌ಗಳಲ್ಲಿ ಆ ಲೈನ್ ಸಾಮಾನ್ಯವಾಗಿ ಪ್ರೀಆಂಪ್‌ನಿಂದಲೇ, ಅಂದರೆ ಪವರ್ ಟ್ಯೂಬ್‌ಗಳಿಗೆ ಮುಂಚಿನ ಹಂತದಿಂದಲೇ, ಹೊರಡುತ್ತದೆ. ನೀವು ಯಾವ ಆರು ದೊಡ್ಡ ಪವರ್ ಟ್ಯೂಬ್‌ಗಳಿಗೆ ದುಡ್ಡು ಕೊಟ್ಟಿರೋ, ಯಾವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೊತ್ತು ತಂದಿರೋ, ಅವುಗಳ ಸ್ವಾದ ಆ ಕೇಬಲ್‌ನಲ್ಲಿ ಹೋಗುವುದೇ ಇಲ್ಲ. ಅದು ಜನರಿಗೆ ಮುಟ್ಟಬೇಕಾದರೆ ಕ್ಯಾಬಿನೆಟ್ ಮುಂದೆ ಮೈಕ್ ಇಡಬೇಕು. ನಮ್ಮ ಕಡೆಯ ರಸಮಂಜರಿಯಲ್ಲಿ ಇರುವ ಮೈಕ್‌ಗಳು ಹಾಡುವವರಿಗೆ, ಡ್ರಮ್ಸ್‌ಗೆ, ತಬಲಾ ಡೋಲಕ್‌ಗೆ ಹಂಚಿಹೋಗುತ್ತವೆ. ಬೇಸ್ ಕ್ಯಾಬಿನೆಟ್‌ಗೆ ಒಂದು ಉಳಿದರೆ ಅದೃಷ್ಟ.

ಹಾಗಾಗಿ ಇಂಥ ಕಾರ್ಯಕ್ರಮದಲ್ಲಿ ಆಂಪ್ ಇರುವುದು ನಿಮಗೂ ಡ್ರಮ್ಮರ್‌ಗೂ ಬೇಸ್ ಕೇಳಿಸಲಿಕ್ಕೆ. ಆ ಕೆಲಸಕ್ಕೆ ಒಂದು ಕ್ವಿಂಟಾಲ್ ಹೊರಬೇಕಾ?

ಕ್ವಿಂಟಾಲ್ ಅಂತ ಸುಮ್ನೆ ಹೇಳಿದ್ದಲ್ಲ. ಎಸ್‌ವಿಟಿ ಕ್ಲಾಸಿಕ್ ಹೆಡ್ ಸುಮಾರು 36 ಕೆ.ಜಿ., 8×10 ಕ್ಯಾಬಿನೆಟ್ ಸುಮಾರು 63 ಕೆ.ಜಿ. ಮೊದಲನೇ ಮಹಡಿಯ ಹಾಲ್‌ನಲ್ಲಿ ಆರತಕ್ಷತೆ ಇದ್ದರೆ ಇದನ್ನು ಹತ್ತಿಸುವವರು ಯಾರು ಅಂತ ಯೋಚಿಸಿ. ಹತ್ತಿಸುವಾಗ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ. ರಾತ್ರಿ ಹನ್ನೊಂದೂವರೆಗೆ ಇಳಿಸುವಾಗ ಡ್ರಮ್ಮರ್ ತನ್ನ ಸ್ಟ್ಯಾಂಡ್ ಬಿಚ್ಚುತ್ತಿರುತ್ತಾನೆ, ಕೀಬೋರ್ಡಿನವರು ಊಟಕ್ಕೆ ಕೂತಿರುತ್ತಾರೆ, ಕ್ಯಾಬಿನೆಟ್‌ನ ಇನ್ನೊಂದು ಹಿಡಿ ಹಿಡಿಯಲು ಯಾರೂ ಇರುವುದಿಲ್ಲ. ಪ್ರತಿ ಸಲ ಟಾಟಾ ಏಸ್ ಹೇಳಬೇಕು. ಆ ಬಾಡಿಗೆ ಯಾರೂ ಬೇರೆ ಕೊಡುವುದಿಲ್ಲ, ನಿಮ್ಮ ಸಂಭಾವನೆಯಲ್ಲೇ ಕಳೆಯುತ್ತದೆ.

ಇದರ ಪಕ್ಕ ಅಗ್ವಿಲಾರ್ ಟೋನ್ ಹ್ಯಾಮರ್ 500 ಅನ್ನುವ ಹಗುರ ಹೆಡ್ ಇಟ್ಟು ನೋಡಿ. 4 ಓಮ್‌ನ ಕ್ಯಾಬಿನೆಟ್‌ಗೆ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) 500 ವ್ಯಾಟ್, ತೂಕ ಎರಡು ಕೆ.ಜಿ.ಯೂ ಇಲ್ಲ. ಮಾರ್ಕ್‌ಬೇಸ್‌ನ ಲಿಟಲ್ ಮಾರ್ಕ್ ಮೂರು ಕೆ.ಜಿ. ಒಳಗೆ. ವಾರ್ವಿಕ್ ನೋಮ್ ಅಂತ ಒಂದಿದೆ, 200 ವ್ಯಾಟ್, ಸುಮಾರು ಒಂದು ಕೆ.ಜಿ. ಗಿಟಾರ್ ಬ್ಯಾಗಿನ ಜೇಬಲ್ಲಿ ಹಿಡಿಸುತ್ತದೆ.

ಇಷ್ಟು ಹಗುರ ಆದರೆ ದಮ್ ಇರಲ್ಲ ಅನ್ನುವ ಅನುಮಾನ ಬಹಳ ಜನಕ್ಕೆ ಇದೆ. ತೂಕ ಹೋದದ್ದು ಎಲ್ಲಿಂದ ಅಂತ ತಿಳಿದರೆ ಅನುಮಾನ ಅರ್ಧ ಕಡಿಮೆಯಾಗುತ್ತದೆ. ಟ್ಯೂಬ್ ಅಂದರೆ ಗಾಜಿನ ಬುರುಡೆ, ಅದಕ್ಕೆ ಏನು ಭಾರ? ಭಾರ ಇರುವುದು ಟ್ರಾನ್ಸ್‌ಫಾರ್ಮರ್‌ಗಳಲ್ಲಿ. ನಮ್ಮ ಕರೆಂಟ್ 50 ಹರ್ಟ್ಸ್. ಅಷ್ಟು ನಿಧಾನದ ಕರೆಂಟನ್ನು ಅಷ್ಟು ವ್ಯಾಟಿಗೆ ಬದಲಾಯಿಸಲು ದೊಡ್ಡ ಕಬ್ಬಿಣದ ತಿರುಳು ಬೇಕೇ ಬೇಕು. ಹಗುರ ಆಂಪ್‌ನಲ್ಲಿ ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈ ಇರುತ್ತದೆ, ಕಂಪ್ಯೂಟರಿನಲ್ಲಿ ಇರುವ ಜಾತಿಯದೇ. ಅದು ಕರೆಂಟನ್ನು ಮೊದಲು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ವೇಗ ಹೆಚ್ಚಾದಷ್ಟೂ ತಿರುಳು ಸಣ್ಣದು ಸಾಕು. ಆಮೇಲಿನ ಕ್ಲಾಸ್ ಡಿ ಆಂಪ್‌ನಲ್ಲಿ ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್, ಇಲ್ಲಾ ಪೂರ್ತಿ ಆಫ್. ನಡುವೆ ನಿಂತು ಕಾಯುವುದಿಲ್ಲ, ಅದಕ್ಕೇ ಬಿಸಿ ಕಡಿಮೆ, ದೊಡ್ಡ ಹೀಟ್‌ಸಿಂಕ್ ಬೇಡ. ಅತ್ತ ಎಸ್‌ವಿಟಿಯ ಆರು 6550 ಟ್ಯೂಬ್‌ಗಳಿಗೆ ಬರೀ ಒಳಗಿನ ಹೀಟರ್ ಕಾಯಿಸಲಿಕ್ಕೇ 60 ವ್ಯಾಟ್ ಬೇಕು. ಇನ್ನೂ ಒಂದು ಸ್ವರ ಮೀಟಿರುವುದಿಲ್ಲ ಆಗ.

ಟ್ಯೂಬ್ ವ್ಯಾಟ್ ಬೇರೆ, ಅದಕ್ಕೆ ಜೋರು ಜಾಸ್ತಿ ಅಂತ ಹೇಳುತ್ತಾರಲ್ಲ, ಅದರಲ್ಲಿ ಅರ್ಧ ನಿಜ ಇದೆ. ವ್ಯಾಟ್ ಎಲ್ಲಿ ಅಳೆದರೂ ವ್ಯಾಟೇ. ಆದರೆ ಟ್ಯೂಬ್ ಆಂಪ್ ಮಿತಿ ದಾಟಿದಾಗ ಮೆಲ್ಲಗೆ ಒಡೆಯುತ್ತದೆ, ಆ ಒಡಕು ಕಿವಿಗೆ ಹಿತ. ಹಾಗಾಗಿ ಮಿತಿ ಮೀರಿಯೂ ತಿರುಗಿಸುತ್ತೇವೆ. ಹಗುರ ಆಂಪ್‌ನಲ್ಲಿ ಲಿಮಿಟರ್ ಬಂದು ತಡೆಯುತ್ತದೆ, ಅಥವಾ ಒರಟಾಗಿ ಕೇಳುತ್ತದೆ, ನಾವೇ ಕೈ ಹಿಂದೆ ತೆಗೆಯುತ್ತೇವೆ. ಇನ್ನು 300ಕ್ಕೂ 500ಕ್ಕೂ ಇರುವ ಅಂತರ ಎಷ್ಟು ಗೊತ್ತಾ? ಸುಮಾರು 2 ಡೆಸಿಬೆಲ್. ವ್ಯಾಟ್ ಎರಡರಷ್ಟಾದರೂ ಏರುವುದು 3 ಡೆಸಿಬೆಲ್ ಮಾತ್ರ. ವ್ಯಾಟ್ ನೋಡಿ ಆಂಪ್ ಆರಿಸಬೇಡಿ. ಒಂದೇ ಹೆಡ್‌ಗೆ ಒಂದು ಸ್ಪೀಕರ್ ಬದಲು ಎರಡು ಕಟ್ಟಿದರೆ ಆಗುವ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಕರೆಂಟಿನ ಮಾತಿಗೆ ಬರೋಣ, ನಮ್ಮ ಕಡೆ ಇದು ದೊಡ್ಡ ವಿಷಯ. ಹಳ್ಳಿ ಜಾತ್ರೆಯಲ್ಲಿ ಒಂದೇ ಜನರೇಟರ್ ಮೇಲೆ ಲೈಟು, ಸೌಂಡು, ಪಕ್ಕದ ಐಸ್‌ಕ್ರೀಮ್ ಗಾಡಿ ಎಲ್ಲ. ಬಿನ್‌ಗಳು ಒಮ್ಮೆ ಗುಮ್ಮೆಂದರೆ ಶಾಮಿಯಾನದ ಸೀರಿಯಲ್ ಸೆಟ್ ಮಂಕಾಗಿ ಮತ್ತೆ ಬೆಳಗುವುದನ್ನು ನೀವೂ ನೋಡಿರುತ್ತೀರಿ. 230 ಇರಬೇಕಾದ ವೋಲ್ಟೇಜ್ 190ಕ್ಕೆ ಇಳಿದರೆ, 6.3 ವೋಲ್ಟ್ ಬೇಕಾದ ಟ್ಯೂಬ್ ಹೀಟರ್‌ಗೆ ಸಿಗುವುದು 5.2. ಆಗ ಟ್ಯೂಬ್ ಆಂಪ್ ಸೊರಗುತ್ತದೆ, ಸ್ವರಕ್ಕೆ ಗಟ್ಟಿತನ ಇರುವುದಿಲ್ಲ. ಎಸ್‌ಎಂಪಿಎಸ್ ಇರುವ ಎಷ್ಟೋ ಹೆಡ್‌ಗಳ ಬೆನ್ನ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತದೆ. ಅವು ಇಂಥ ಏರಿಳಿತವನ್ನು ಗಣನೆಗೇ ತಗೊಳ್ಳುವುದಿಲ್ಲ. ಎಲ್ಲ ಹಗುರ ಹೆಡ್‌ಗಳೂ ಹಾಗಲ್ಲ, ಕೆಲವಕ್ಕೆ ಸ್ವಿಚ್ ಇರುತ್ತದೆ, ಕೆಲವು ಒಂದೇ ವೋಲ್ಟೇಜಿನವು. ಬೆನ್ನು ಓದಿಯೇ ಕೊಳ್ಳಿ. ಆ ಎಸ್‌ವಿಟಿ ಅಮೆರಿಕದಿಂದ ಬಂದದ್ದಾದರೆ ಅದು 120 ವೋಲ್ಟಿನದು ಇರಬಹುದು. ಆಗ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇರೆ ಬೇಕು, ಅದೂ ಭಾರದ ವಸ್ತುವೇ.

ರಿಪೇರಿ ವಿಷಯದಲ್ಲಿ ಎರಡಕ್ಕೂ ತೊಂದರೆ ಇದೆ. ಹಗುರ ಹೆಡ್ ಕೆಟ್ಟರೆ ಅದರ ಸಣ್ಣ ಸಣ್ಣ ಭಾಗಗಳ ಬೋರ್ಡನ್ನು ಇಲ್ಲಿ ಬಿಚ್ಚಿ ಸರಿ ಮಾಡುವುದು ಕಷ್ಟ, ಬಹುಶಃ ಬೋರ್ಡೇ ಬದಲಾಗಬೇಕು. ವಾರಂಟಿ ಮುಗಿದ ಮೇಲೆ ಇದು ನೋವಿನ ಸಂಗತಿ. ಟ್ಯೂಬ್ ಆಂಪ್ ರಿಪೇರಿಗೆ ಒಗ್ಗುತ್ತದೆ, ವಾಲ್ವ್ ರೇಡಿಯೋ ಬಿಚ್ಚಿದ ಕೈಗಳಿಗೆ ಅದರ ಲೆಕ್ಕ ಗೊತ್ತಿರುತ್ತದೆ. ಆದರೆ ಪವರ್ ಟ್ಯೂಬ್‌ಗಳನ್ನು ಸಾಮಾನ್ಯವಾಗಿ ಜೊತೆಗೆ ಹೊಂದಿಸಿದ ಸೆಟ್ಟಾಗಿಯೇ ಬದಲಾಯಿಸಬೇಕು, ಅವು ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರಬೇಕು, ಹಾಕಿದ ಮೇಲೆ ಬಯಾಸ್ (ಟ್ಯೂಬ್‌ನಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಂದಿಸಬೇಕು. ಮತ್ತೆ ಒಂದು ಎಚ್ಚರಿಕೆ: ಎಸ್‌ವಿಟಿ ಒಳಗೆ 700 ವೋಲ್ಟ್ ಹತ್ತಿರ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಗೊತ್ತಿಲ್ಲದವರು ಮುಚ್ಚಳ ತೆಗೆಯಲೇಬಾರದು. ಸ್ಪೀಕರ್ ಕಟ್ಟದೆ ಟ್ಯೂಬ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಇದನ್ನು ಬ್ಯಾಂಡಿನ ಎಲ್ಲರಿಗೂ ಹೇಳಿಡಬೇಕಾಗುತ್ತದೆ.

ಹಾಗಾದರೆ ಆ ಟ್ಯೂಬ್ ಸ್ವರ ಬಿಟ್ಟೇಬಿಡಬೇಕಾ? ಬೇಡ. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ ಅನ್ನುವ ಪೆಡಲ್ ಇದೆ. ಒಳಗೆ ಟ್ಯೂಬ್ ಇಲ್ಲ, ಆದರೆ ಟ್ಯೂಬ್ ಆಂಪಿನ ನಡವಳಿಕೆ ತರುವುದೇ ಅದರ ಕೆಲಸ. ಅದನ್ನು ಆಂಪಿಗೆ ಮುಂಚೆ ಇಟ್ಟು, ಅದರಿಂದಲೇ ಸೌಂಡಿನವರಿಗೆ ಲೈನ್ ಕೊಡಿ. ಈ ಸಲ ನೀವು ಕಟ್ಟಿದ ಸ್ವರ ನಿಜವಾಗಿ ಜನರಿಗೆ ಮುಟ್ಟುತ್ತದೆ. ನನ್ನ ಸೆಟ್ಟಿಂಗ್ ಹೇಳುತ್ತೇನೆ: ಡ್ರೈವ್ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ, ಟ್ರೆಬಲ್ ಕಡಿಮೆ, ಆಂಪಿನಲ್ಲಿ 500 ಹರ್ಟ್ಸ್ ಆಸುಪಾಸು ಸ್ವಲ್ಪ ಎತ್ತಿ. ಬೇಸ್ ನಾಬ್ ಮಾತ್ರ ಪೂರ್ತಿ ತಿರುಗಿಸಬೇಡಿ. ದಪ್ಪ ಇ ತಂತಿಯ ಸ್ವರ 41 ಹರ್ಟ್ಸ್. ಆ 8×10 ಕ್ಯಾಬಿನೆಟ್ ಕೂಡ ಅಷ್ಟು ಕೆಳಗೆ ಪೂರ್ತಿ ಬಲದಿಂದ ಹೋಗುವುದಿಲ್ಲ. ನಾವು ಇಷ್ಟಪಡುವ ಆ ಗಟ್ಟಿತನ ಇರುವುದು 80ರ ಮೇಲೆ, ನಡು ಸ್ವರಗಳಲ್ಲಿ. ಪವರ್ ಟ್ಯೂಬ್ ಹಿಂಡಿದಾಗ ಬರುವ ಆ ಮೆತ್ತನೆ ಒತ್ತು ಪೆಡಲ್‌ನಲ್ಲಿ ಪೂರ್ತಿ ಬರುವುದಿಲ್ಲ, ಅದು ಸತ್ಯ. ನಿಮ್ಮ ಬೆರಳಿಗೆ ಆ ಕೊರತೆ ಗೊತ್ತಾಗುತ್ತದೆ. ಡ್ರಮ್ಸ್, ಕೀಬೋರ್ಡ್, ನಾಲ್ಕು ಹಾಡುಗಾರರ ನಡುವೆ ಕೇಳುವವರಿಗೆ ಗೊತ್ತಾಗುವುದಿಲ್ಲ.

ಎಸ್‌ವಿಟಿ ಯಾರು ತಗೊಳ್ಳಬೇಕು? ಒಂದೇ ಕಡೆ ಇಟ್ಟು ನುಡಿಸುವವರು. ಸ್ವಂತ ರಿಹರ್ಸಲ್ ಕೋಣೆ ಇದ್ದು, ರೆಕಾರ್ಡಿಂಗ್ ಮಾಡುವವರಾದರೆ, ಅಕ್ಕಪಕ್ಕದವರ ಗಲಾಟೆ ಇಲ್ಲದಿದ್ದರೆ, ಖಂಡಿತ ತಗೊಳ್ಳಿ. ಅಂಥ ವಸ್ತು ಪದೇ ಪದೇ ಸಿಗುವುದಿಲ್ಲ. ನೀವು ಬರೆದಿರುವ ಕಾರ್ಯಕ್ರಮಗಳ ಪಟ್ಟಿ ನೋಡಿದರೆ ನಿಮ್ಮ ಕಥೆ ಅದಲ್ಲ.

ಕ್ಯಾಬಿನೆಟ್‌ಗೆ ನಿಯೋಡಿಮಿಯಂ ಮ್ಯಾಗ್ನೆಟ್ ಇರುವ ಸ್ಪೀಕರ್ ನೋಡಿ, ಹಳೇ ಫೆರೈಟ್‌ಗಿಂತ ಬಹಳ ಹಗುರ. 12 ಇಂಚಿನದೊಂದು, 8 ಓಮ್‌ನದು ತಗೊಳ್ಳಿ. ಅದೊಂದರಲ್ಲೇ ಓಡಿಸಿದರೆ 500 ವ್ಯಾಟಿನ ಹೆಡ್ ಕೊಡುವುದು 250–300 ಅಷ್ಟೇ, ನಮ್ಮ ವೇದಿಕೆಗಳಿಗೆ ಅದು ಸಾಕು. ಮುಂದೆ ಅಂಥದ್ದೇ ಇನ್ನೊಂದು ಕೊಂಡರೆ ಎರಡೂ ಸೇರಿ 4 ಓಮ್ ಆಗುತ್ತದೆ, ಆಗ ಪೂರ್ತಿ 500 ಸಿಗುತ್ತದೆ. ಮೊದಲೇ 4 ಓಮ್‌ನದು ತಗೊಂಡರೆ ಎರಡನೆಯದಕ್ಕೆ ಜಾಗ ಇರುವುದಿಲ್ಲ, ಯಾಕೆಂದರೆ ಬಹಳಷ್ಟು ಹಗುರ ಹೆಡ್‌ಗಳು 4 ಓಮ್‌ಗಿಂತ ಕೆಳಗೆ ಹೋಗಬಾರದು.

ಅಂಗಡಿಗೆ ಹೋಗುವಾಗ ನಿಮ್ಮದೇ ಬೇಸ್ ತಗೊಂಡು ಹೋಗಿ. ಅಲ್ಲಿ ಮೆಲ್ಲಗೆ ನುಡಿಸಿ ನೋಡಿದರೆ ಎಲ್ಲ ಆಂಪ್ ಚೆನ್ನಾಗೇ ಕೇಳುತ್ತವೆ. ಮಾಲೀಕರನ್ನು ಕೇಳಿ ಐದು ನಿಮಿಷ ಜೋರಾಗಿ ನುಡಿಸಿ, ಆರು ಹೆಜ್ಜೆ ಹಿಂದೆ ನಿಂತು ಕೇಳಿ. ಡಿಐ ಔಟ್‌ಗೆ ಗ್ರೌಂಡ್ ಲಿಫ್ಟ್ ಬಟನ್ ಇದೆಯಾ ನೋಡಿ, ಜನರೇಟರ್ ಲೈನಿನಲ್ಲಿ ಹಮ್ (ಗುಂಯ್ ಅನ್ನುವ ಸದ್ದು) ಬಂದಾಗ ಬೇಕಾಗುತ್ತದೆ. ಹೆಡ್ಡಿನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬಳಸಿ, ಗಿಟಾರ್ ಕೇಬಲ್ ಅಲ್ಲ. ಎರಡಕ್ಕೂ ಒಂದೇ ಥರದ ಜ್ಯಾಕ್ ಇದ್ದರೂ ಒಳಗಿನ ತಂತಿ ಬೇರೆ, ಗಿಟಾರ್ ಕೇಬಲ್ ಕಾದು ಆಂಪಿಗೇ ಪೆಟ್ಟು ಬೀಳಬಹುದು. ಸ್ಪೀಕಾನ್ ಸಾಕೆಟ್ (ತಿರುಗಿಸಿ ಲಾಕ್ ಮಾಡುವಂಥದ್ದು) ಇದ್ದರೆ ಅದನ್ನೇ ಬಳಸಿ, ಅಲ್ಲಾಡಿದರೂ ಬಿಚ್ಚಿಕೊಳ್ಳುವುದಿಲ್ಲ.